ಸೌರ ಕಂಪನಿಗೆ ಹೊಲ ಗುತ್ತಿಗೆ ಕೊಟ್ಟವರು, ಅದರ ಪಕ್ಕದಲ್ಲಿ ಬದುಕುತ್ತಿರುವವರು ಅನುಭವ ಹೇಳಿ

ಎರೆಹೊಲ, ಗದಗ:
ದೊಡ್ಡ ವಿದ್ಯುತ್ ಕಂಪನಿಯೊಂದು ನಮ್ಮೂರಿನಲ್ಲಿ ಸೌರ ಘಟಕಕ್ಕೆ ಜಮೀನು ಕೇಳುತ್ತಿದೆ. ನಮ್ಮದು ಆರು ಎಕರೆ, ಹಿಂಗಾರಿಗೆ ಕಡಲೆ, ಬಿಳಿಜೋಳ. 28 ವರ್ಷದ ಗುತ್ತಿಗೆ. ಬಂದವರು ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿ ಕೊಟ್ಟು, ಶಾಲೆ ರಿಪೇರಿ, ಶುದ್ಧ ನೀರು, ಕೆಲಸ ಎಲ್ಲ ಬರುತ್ತದೆ ಎಂದರು. ನಂಬಬಹುದೇ? ಬಲ್ಲವರು ತಿಳಿಸಿ.

ಕಡಲೆಕಾಯಿ ಬೆಳೆದವನು, ಪಾವಗಡ:
ನಾನು ಕೊಟ್ಟಿದ್ದೇನೆ, ಪಶ್ಚಾತ್ತಾಪವಿಲ್ಲ. ಇಲ್ಲಿ ತಿರುಮಣಿ ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ನನ್ನ ಪಾಲಿನ ನಾಲ್ಕು ಎಕರೆಗೆ ಮೊದಲು 84,000, ಆಮೇಲೆ 88,200, ಈಚೆಗೆ 92,610. ಅದೇ ನೆಲದಲ್ಲಿ ಮಳೆ ನಂಬಿ ಬಿತ್ತಿ, ಮೂರು ಕೊಳವೆಬಾವಿ ಕೊರೆಸಿ, ಮೂರೂ ಬತ್ತಿ, ಬೀಜದ ಸಾಲವೂ ತೀರದೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದವನು ನಾನು.

ಕಷ್ಟಪಟ್ಟದ್ದು ಕಾಗದಪತ್ರಕ್ಕೆ. ಪಹಣಿ ತಾತನ ಹೆಸರಿನಲ್ಲೇ ಇತ್ತು. ವಂಶವೃಕ್ಷ, ಪೌತಿ ಖಾತೆ, ಅಣ್ಣತಮ್ಮಂದಿರ ವಿಭಾಗ ಎಂದು ಹದಿನಾಲ್ಕು ತಿಂಗಳು ಹೋಯಿತು. ವಕೀಲರಿಗೆ 15,000. ಅಕ್ಕನ ಒಂದು ಸಹಿಗಾಗಿ ಹಿಂದೂಪುರಕ್ಕೆ ಏಳು ಸಲ ಹೋಗಿ ಬಂದೆ, ಏಳನೆಯ ಸಲ ಅವಳಿಗೆ 40,000 ಕೊಟ್ಟೆ. ಆ ವರ್ಷದ ಗುತ್ತಿಗೆ ಹಣದ ಬಹುಪಾಲು ಅಲ್ಲಿಗೇ ಮುಗಿಯಿತು. ಅಕ್ಕ ಈಗಲೂ ಹಬ್ಬಕ್ಕೆ ಬರುವುದಿಲ್ಲ.

ಕುರಿ ಮಂದೆ:
ಪಹಣಿ ಇದ್ದವರ ಮಾತಾಯಿತು. ನನಗೆ ಪಹಣಿಯೇ ಇಲ್ಲ. ಊರಿನ ಹೆಸರು ಹೇಳುವುದಿಲ್ಲ, ನಮ್ಮಲ್ಲೂ ಇಂಥದ್ದೇ ಘಟಕ ಬಂತು. ಅಪ್ಪ ಸರ್ಕಾರಿ ಜಮೀನಿನಲ್ಲಿ ಹಕ್ಕುಪತ್ರವಿಲ್ಲದೆ, ಬಗರ್ ಹುಕುಂ ಆಗಿ ಉಳುತ್ತಿದ್ದ ಎರಡು ಎಕರೆ ಬೇಲಿಯ ಒಳಗೆ ಹೋಯಿತು, ಒಂದು ರೂಪಾಯಿ ಬರಲಿಲ್ಲ. 120 ಕುರಿ ಇದ್ದವು. ಬೇಲಿ ಬಿದ್ದ ಮೇಲೆ ಕೆರೆಗೆ ಹೋಗಲು ನಾಲ್ಕು ಕಿಲೋಮೀಟರ್ ಸುತ್ತು. ಮೊದಲ ಬೇಸಿಗೆಯಲ್ಲಿ 22 ಸತ್ತವು, ಉಳಿದವುಗಳಲ್ಲಿ ಹೆಚ್ಚಿನವನ್ನು ಬಂದ ಬೆಲೆಗೆ ಮಾರಿದೆ, ಈಗ 35 ಇವೆ. ಕೆಲಸ ಕೊಡುತ್ತೇವೆ ಎಂದಿದ್ದರು. ನನ್ನ ಹೆಂಡತಿಗೆ ಫಲಕಗಳ ನಡುವಿನ ಹುಲ್ಲು ಕೊಯ್ಯುವ ಕೆಲಸ ಸಿಕ್ಕಿತು, ತಿಂಗಳಿಗೆ ಹನ್ನೆರಡು ದಿನ. ಕೊಯ್ದ ಹುಲ್ಲನ್ನು ಮನೆಗೆ ತರುವಂತಿಲ್ಲ.

ಹೊಣೆಗಾರಿಕೆ ವಿಭಾಗದಲ್ಲಿದ್ದವಳು:
ಆರು ವರ್ಷ ಒಂದು ವಿದ್ಯುತ್ ಕಂಪನಿಯ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆ ವಿಭಾಗದಲ್ಲಿ ದುಡಿದಿದ್ದೇನೆ, ಆ ಕೆಲಸದ ಬಗ್ಗೆ ಹೆಮ್ಮೆಯಿದೆ. ಇದು ದಾನವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಲೇಬೇಕು. ಆದರೆ ಒಂದು ಮಾತು. ಇಂಥ ಘಟಕಗಳನ್ನು ಬಹಳ ಸಲ ಬೇರೆ ಹೆಸರಿನ ಮರಿ ಕಂಪನಿ ನಡೆಸುತ್ತದೆ. ಅದಕ್ಕೆ ಮೊದಲ ವರ್ಷಗಳಲ್ಲಿ ಲಾಭವೇ ಇಲ್ಲದಿದ್ದರೆ ಹೊಣೆಯೂ ಇಲ್ಲ. ಕರಾರು ಯಾವ ಕಂಪನಿಯ ಜೊತೆ ಎಂದು ಕೇಳಿ.

ನಾನು ಹನ್ನೊಂದು ಊರುಗಳಲ್ಲಿ ಶುದ್ಧ ನೀರಿನ ಘಟಕ ಹಾಕಿಸಿದೆ. ಐದು ರೂಪಾಯಿ ನಾಣ್ಯಕ್ಕೆ ಇಪ್ಪತ್ತು ಲೀಟರ್. ಎರಡು ವರ್ಷಕ್ಕೆ ಶೋಧಕ ಬದಲಿಸಲು ನಮ್ಮ ಬಜೆಟ್ಟಿನಲ್ಲಿ ಹಣ ಇರಲಿಲ್ಲ, ಪಂಚಾಯಿತಿಯಲ್ಲೂ ಇರಲಿಲ್ಲ. ನಾಲ್ಕು ನಿಂತವು. ಏಳು ನಡೆಯುತ್ತಿವೆ. ಆ ಏಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾರುಬೂದಿ:
ಮೇಡಂ, ನಿಂತ ನಾಲ್ಕು ಊರಿನವರು ಏನು ಕುಡಿಯುತ್ತಿದ್ದಾರೆ? ನಾನಿರುವುದು ಕಲ್ಲಿದ್ದಲು ಸ್ಥಾವರದ ಬೂದಿ ಹೊಂಡದ ಮಗ್ಗುಲಲ್ಲಿ. ಬೆಳಿಗ್ಗೆ ಗುಡಿಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಜೋಳದ ತೆನೆ ಕೊಡವಿದರೆ ಕಾಳಿಗಿಂತ ಮೊದಲು ಬೂದಿ ಉದುರುತ್ತದೆ. ಬೂದಿಯನ್ನು ಪೂರ್ತಿ ಬಳಸಬೇಕೆಂದು 2021ರ ಡಿಸೆಂಬರ್ 31ರ ಅಧಿಸೂಚನೆ ಹೇಳುತ್ತದೆ. ನಮ್ಮ ಹೊಂಡ ತುಂಬಿಯೇ ಇದೆ. ಕಂಪನಿ ಶಾಲೆಗೆ ಬಣ್ಣ ಹೊಡೆಸಿತು, ನಿಮ್ಮಂಥವರು ಬಂದು ಫೋಟೊ ತೆಗೆದುಕೊಂಡು ಹೋದರು. ನನ್ನ ಮಗಳ ಉಬ್ಬಸದ ಔಷಧಿಗೆ ತಿಂಗಳಿಗೆ 1,850.

ಹೊಣೆಗಾರಿಕೆ ವಿಭಾಗದಲ್ಲಿದ್ದವಳು:
‘ನಿಮ್ಮಂಥವರು’ ಎನ್ನಬೇಡಿ. ಬೇಸಿಗೆಯಲ್ಲಿ ಊರೂರು ಅಲೆದು ನೀರಿನ ಮಾದರಿ ಹೊತ್ತು ತಂದವಳು ನಾನು. ಗದಗದವರು ಕೇಳಿದ್ದು ಸೌರಶಕ್ತಿಯ ಬಗ್ಗೆ, ಅಲ್ಲಿ ಬೂದಿ ಇರುವುದಿಲ್ಲ.

ಹಾರುಬೂದಿ:
ಅಹವಾಲು ಸಭೆಯೂ ಇರುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ ಸೌರ ಫಲಕಗಳಿಗೆ ಅನ್ವಯಿಸುವುದಿಲ್ಲ. ನಾವು ಮೈಕಿನ ಮುಂದೆ ನಿಂತು ಬೈದಾದರೂ ಬಂದೆವು. ಕುರಿಯವರು ಯಾರ ಮುಂದೆ ನಿಲ್ಲಬೇಕು?

ಕಡಲೆಕಾಯಿ ಬೆಳೆದವನು, ಪಾವಗಡ:
ಕುರಿಯವರ ಕಷ್ಟಕ್ಕೆ ನಮ್ಮ ಗುತ್ತಿಗೆಯೇ ಕಾರಣ ಎಂಬಂತೆ ಮಾತಾಡುತ್ತಿದ್ದೀರಿ. ಇಪ್ಪತ್ತು ವರ್ಷ ನಷ್ಟದಲ್ಲಿ ಉಳುವಾಗ ಯಾರು ಬಂದು ಕೇಳಿದರು? ನನ್ನ ಹೊಲದ ಬಾಡಿಗೆ ತೆಗೆದುಕೊಳ್ಳಲು ಯಾರ ಅಪ್ಪಣೆ ಬೇಕು?

ಕುರಿ ಮಂದೆ:
ಅಣ್ಣಾ, ಬಾಡಿಗೆ ನಿಮ್ಮದೇ, ನಾನು ಪಾಲು ಕೇಳಲಿಲ್ಲ. ಸುಗ್ಗಿ ಮುಗಿದ ಮೇಲೆ ನಿಮ್ಮಂಥವರ ಹೊಲದಲ್ಲೇ ನಾವು ಮಂದೆ ನಿಲ್ಲಿಸುತ್ತಿದ್ದೆವು. ಒಂದು ರಾತ್ರಿಗೆ ಹತ್ತು ಸೇರು ರಾಗಿ ಕೊಡುತ್ತಿದ್ದಿರಿ, ಗೊಬ್ಬರ ನಿಮಗೆ ಉಳಿಯುತ್ತಿತ್ತು. ಕಂಪನಿಯವರು ಊರಿಗೆ ಬಂದು ಬಾಧಿತರ ಪಟ್ಟಿ ಬರೆದುಕೊಂಡ ದಿನ ನಾನೂ ಸಾಲಿನಲ್ಲಿ ನಿಂತಿದ್ದೆ. ಸರ್ವೆ ನಂಬರ್ ಕೇಳಿದರು. ಇಲ್ಲ ಎಂದೆ. ಮುಂದಿನವರನ್ನು ಕರೆದರು.

ಎರೆಹೊಲ, ಗದಗ:
ನಮ್ಮ ಆರು ಎಕರೆಯಲ್ಲಿ ಎರಡೂವರೆ ಎಕರೆಯನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುವವರು ಬೇರೆಯವರು, ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ. ನಾಳೆ ಅವರ ಮನೆಗೆ ಹೋಗಿ ಬರುತ್ತೇನೆ.

ಕಡಲೆಕಾಯಿ ಬೆಳೆದವನು, ಪಾವಗಡ:
ಹತ್ತು ಸೇರಲ್ಲ, ನಮ್ಮ ಕಡೆ ಎಂಟೇ ಸೇರು ಕೊಡುತ್ತಿದ್ದುದು.