ಪದಚರ್ಚೆ: ಸಿಂಪರಣೆಯ ‘ಡ್ರಿಫ್ಟ್’ಗೆ ‘ಇರಚಲು’ ಎನ್ನಬಹುದೇ?

ಸಾವಯವ ದ್ರಾಕ್ಷಿ ಬೆಳೆಗಾರರಿಗಾಗಿ ಹೊಸ ಬಗೆಯ ಸಿಂಪರಣಾ ಯಂತ್ರಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಂತ್ರದ ಭಾಗಗಳ ಹೆಸರು ಅಷ್ಟಾಗಿ ಕಾಡಲಿಲ್ಲ. ಪಂಪು, ನಳಿಕೆ, ಟ್ಯಾಂಕು, ಜರಡಿ ಎಲ್ಲವೂ ಬಳಕೆಯಲ್ಲಿವೆ. ನನ್ನನ್ನು ತಡೆದು ನಿಲ್ಲಿಸಿದ್ದು ‘ಡ್ರಿಫ್ಟ್’ ಎಂಬ ಪದ. ಸಿಂಪಡಿಸಿದ ಹನಿ ಬಳ್ಳಿಯ ಮೇಲೆ ಕೂರದೆ ಗಾಳಿಯ ಪಾಲಾಗಿ ಬೇರೆಲ್ಲೋ ಹೋಗಿ ಬೀಳುವುದಕ್ಕೆ ಈ ಹೆಸರು.

ಸಾವಯವ ಬೇಸಾಯದಲ್ಲಿ ಇದು ಬದಿಗಿಡುವ ಪದವಲ್ಲ. ಗಂಧಕವಾಗಲಿ, ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವಾಗಲಿ ಎಲೆಯೊಳಗೆ ಇಳಿದು ಬಳ್ಳಿಯುದ್ದಕ್ಕೂ ಹರಿಯುವುದಿಲ್ಲ. ಬಿದ್ದ ಜಾಗವನ್ನು ಮಾತ್ರ ಕಾಯುತ್ತವೆ. ಬೂಜು ತುಪ್ಪಟ ರೋಗವೋ ಎಲೆಯ ಅಡಿಮೈಯ ರಂಧ್ರಗಳಿಂದಲೇ ಒಳಹೊಗುತ್ತದೆ. ಹಾಗಾಗಿ ಹನಿ ಎಲೆಯ ಬೆನ್ನಿಗೂ ತಲುಪಬೇಕು. ಅದಕ್ಕೆ ಹನಿಯನ್ನು ಸಣ್ಣದು ಮಾಡುತ್ತಾರೆ. ಅಡ್ಡಳತೆ ಅರ್ಧವಾದರೆ ಅಷ್ಟೇ ದ್ರಾವಣದಿಂದ 8 ಪಟ್ಟು ಹನಿಗಳು ಸಿಗುತ್ತವೆ. ಆದರೆ ಸುಮಾರು 100 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾದ ಹನಿಯನ್ನು ಗಾಳಿ ಸುಲಭವಾಗಿ ಹೊತ್ತೊಯ್ಯುತ್ತದೆ. ಮೈಲುತುತ್ತವೆಂದರೆ ತಾಮ್ರದ ಲವಣ. ಐರೋಪ್ಯ ಒಕ್ಕೂಟದಲ್ಲಿ 7 ವರ್ಷಗಳಿಗೆ ಒಟ್ಟು ಹೆಕ್ಟೇರಿಗೆ 28 ಕಿಲೋಗ್ರಾಂ ತಾಮ್ರವೆಂಬ ಮಿತಿಯಿದೆ. ಅಂಥಲ್ಲಿ ಗಾಳಿಪಾಲಾದ ತಾಮ್ರವೂ ಲೆಕ್ಕಕ್ಕೆ ಸೇರುತ್ತದೆ, ಬಳ್ಳಿಗೆ ಮಾತ್ರ ದಕ್ಕುವುದಿಲ್ಲ.

ಕರಡಿನಲ್ಲಿ ಮೊದಲು ‘ತೇಲಿಕೆ’ ಎಂದು ಬರೆದಿದ್ದೆ. ಓದಿದಾಗ ನೀರಿನ ಮೇಲಿನ ಎಲೆ ಕಣ್ಣಿಗೆ ಬಂತು, ಅಲ್ಲಿ ಅಪಾಯದ ಸುಳಿವೇ ಇಲ್ಲ. ಆಮೇಲೆ ‘ತೂರು’ವನ್ನು ಹಿಡಿದು ‘ತೂರಿಕೆ’ ಎಂದು ನೋಡಿದೆ. ಭಾರವಾದದ್ದು ಕೆಳಗೆ, ಹಗುರವಾದದ್ದು ಗಾಳಿಗೆ ಎಂಬ ಅರ್ಥವೇನೋ ಚೆನ್ನಾಗಿ ಹೊಂದುತ್ತದೆ. ಆದರೆ ತೂರುವುದು ನಾವು ಬೇಕೆಂದೇ ಮಾಡುವ ಕೆಲಸ. ‘ಅಪವಹನ’ದಂಥ ಪದವನ್ನು ತೋಟದಲ್ಲಿ ನಿಂತು ಯಾರೂ ಆಡುವುದಿಲ್ಲ.

ಪದ ಸಿಕ್ಕಿದ್ದು ತೋಟದಲ್ಲಿಯೇ. ಹನಿ ಎಲ್ಲೆಲ್ಲಿ ಬೀಳುತ್ತದೆಂದು ಪರೀಕ್ಷಿಸಲು ಒಂದು ಹಳದಿ ಕಾಗದವಿದೆ. ನೀರು ತಾಕಿದಲ್ಲೆಲ್ಲ ಅದು ನೀಲಿಯಾಗುತ್ತದೆ. ಅದರ ತುಂಡೊಂದನ್ನು ಎಲೆಯ ಅಡಿಮೈಗೆ ಸಿಕ್ಕಿಸಿ, ಇನ್ನೊಂದನ್ನು ಮೂರು ಸಾಲು ಆಚೆಗಿನ ಕಂಬಕ್ಕೆ ಕಟ್ಟಿ ಯಂತ್ರ ಹಾಯಿಸಿದರು. ಎಲೆಯ ಕೆಳಗಿನದನ್ನು ಬಿಚ್ಚಿದಾಗ ಅಂಚಿನಲ್ಲಷ್ಟೇ ಒತ್ತಾಗಿ ನೀಲಿ, ನಡುವೆ ಹೆಬ್ಬೆರಳಿನಷ್ಟು ಜಾಗ ಹಳದಿಯಾಗಿಯೇ ಉಳಿದಿತ್ತು. ಯಾರೂ ಸಿಂಪಡಿಸದ ಆ ಕಂಬದ ಕಾಗದದ ಮೇಲೆ ರಾಗಿ ಕಾಳಿಗಿಂತ ಸಣ್ಣ ಚುಕ್ಕೆಗಳು ಹರಡಿಕೊಂಡಿದ್ದವು. ಅದನ್ನು ಕೈಯಲ್ಲಿ ಹಿಡಿದ ಹಿರಿಯ ಕೆಲಸಗಾರರೊಬ್ಬರು “ಇಲ್ಲಿಗೂ ಇರಚಲು ಹೊಡೆದಿದೆ” ಎಂದರು.

ಗಾಳಿಗೆ ಸಿಕ್ಕಿದ ಮಳೆ ಓರೆಯಾಗಿ ಜಗುಲಿಗೆ, ಕಿಟಕಿಯೊಳಕ್ಕೆ ಬಡಿಯುವುದನ್ನು ಹೇಳುವ ಆ ಮಾತು ಇಷ್ಟು ಸರಾಗವಾಗಿ ಇಲ್ಲಿಗೆ ಬಂದಾಗ ನನಗೆ ತುಂಬಾ ಸಂತೋಷವಾಯಿತು. ಬರಬೇಕಾದಲ್ಲಿಗೆ ಬಾರದೆ ಬರಬಾರದ ಕಡೆ ಬರುವ ನೀರು ಎಂಬ ಭಾವ ಅದರಲ್ಲಿ ಮೊದಲೇ ಇದೆ. “ಔಷಧಿ ಹೊಡೆದರು” ಎಂದರೆ ಹೊಡೆದವರು ಮನುಷ್ಯರು, “ಇರಚಲು ಹೊಡೆಯಿತು” ಎಂದರೆ ಗಾಳಿಯ ಕೆಲಸ. ಪಕ್ಕದ ತೋಟದ ರಾಸಾಯನಿಕ ಸಾವಯವ ಬಳ್ಳಿಗಳ ಮೇಲೆ ಬಿದ್ದು ಪ್ರಮಾಣಪತ್ರಕ್ಕೇ ಕುತ್ತು ಬಂದಾಗ ಈ ವ್ಯತ್ಯಾಸ ಸಣ್ಣದಲ್ಲ. ಸಮಾಸಕ್ಕೂ ಪದ ಬಗ್ಗುತ್ತದೆ: ‘ಇರಚಲುತಡೆ ನಳಿಕೆ’ ಎಂದರೆ ವಿವರಣೆ ಬೇಡ.

‘ಎರಚಲು’ ಎಂಬ ರೂಪವೂ ಬಳಕೆಯಲ್ಲಿದೆ. ಅದನ್ನು ಬಿಡುವುದು ಮೇಲೆಂದು ನನ್ನ ಅನಿಸಿಕೆ. ‘ದ್ರಾವಣ ಎರಚಲು ಯಂತ್ರ ಬಳಸಿ’ ಎಂಬಲ್ಲಿ ಅದು ‘ಎರಚುವುದಕ್ಕೆ’ ಎಂಬ ಕ್ರಿಯಾರೂಪವಾಗಿಯೇ ಓದಿಸಿಕೊಳ್ಳುತ್ತದೆ. ‘ಇರಚಲು’ ಎಂದರೆ ಆ ಗೊಂದಲವಿಲ್ಲ.

ಇನ್ನೊಂದು ಪದದ ಬಗ್ಗೆಯೂ ಸಲಹೆ ಬೇಕು. ಸಾಲಿನ ಎರಡೂ ಬದಿಗೆ ಗೋಡೆಯಂತೆ ನಿಂತು, ಎಲೆಗೆ ಅಂಟದ ಹನಿಗಳನ್ನು ಹಿಡಿದು ಟ್ಯಾಂಕಿಗೆ ಮರಳಿಸುವ ಯಂತ್ರವಿದೆ. ಇಂಗ್ಲಿಷಿನಲ್ಲಿ ಅದು ‘ಟನಲ್ ಸ್ಪ್ರೇಯರ್’. ‘ಸುರಂಗ ಯಂತ್ರ’ ಎಂದರೆ ನೆಲ ಕೊರೆಯುವ ಯಂತ್ರವೆಂದುಕೊಳ್ಳುತ್ತಾರೆ. ‘ಮರೆಗೋಡೆ ಯಂತ್ರ’ ಎಂದು ಬರೆದಿಟ್ಟಿದ್ದೇನೆ, ಇದಕ್ಕಿಂತ ಒಳ್ಳೆಯದಿದ್ದರೆ ಬದಲಿಸುತ್ತೇನೆ.

‘ಇರಚಲು’ವಿನ ಬಗ್ಗೆ ಉಳಿದಿರುವ ಅನುಮಾನ ಒಂದೇ. ಬೂದಿ ರೋಗಕ್ಕೆ ಗಂಧಕವನ್ನು ಒಣ ಪುಡಿಯಾಗಿ ಧೂಳೀಕರಿಸುವುದೂ ಉಂಟು. ಆ ಪುಡಿ ಗಾಳಿಗೆ ಹಾರಿ ಆಚೆ ಬಿದ್ದರೂ ‘ಇರಚಲು’ ಎನ್ನಬಹುದೇ, ಅಥವಾ ಆ ಪದಕ್ಕೆ ನೀರಿನ ತೇವ ಇರಲೇಬೇಕೇ? ನಿಮ್ಮ ಕಡೆ ಧೂಳಿಗೋ ಹೊಟ್ಟಿಗೋ ಈ ಮಾತನ್ನು ಬಳಸಿದ್ದು ಕೇಳಿದ್ದರೆ ಆ ವಾಕ್ಯವನ್ನು ಕೇಳಿದಂತೆಯೇ ಬರೆದು ತಿಳಿಸಿ.