ಲೋನಾವಳಾದಲ್ಲಿ ಬಾಡಿಗೆ ಮನೆ: ಗೋಡೆ ಒಸರುತ್ತದೋ ಎಂದು ಬೇಸಿಗೆಯಲ್ಲೇ ತಿಳಿಯುವುದು ಹೇಗೆ?

ಚಿಂಚವಡ_ಕನ್ನಡಿಗ:
ಮಳೆಗಾಲಕ್ಕೆ ಮುಂಚೆ ಪುಣೆ-ಮುಂಬೈ ನಡುವಿನ ಘಟ್ಟದ ಊರು ಲೋನಾವಳಾಕ್ಕೆ ಮನೆ ಬದಲಿಸಬೇಕಾಗಿದೆ. ವಾರಕ್ಕೆ ಮೂರು ದಿನ ಪುಣೆಯ ಶಿವಾಜಿನಗರಕ್ಕೆ ಲೋಕಲ್ ರೈಲಿನಲ್ಲಿ ಓಡಾಟ. ವಳವಣ ಕೆರೆ ಕಡೆ ತಾರಸಿಯ ಕೆಳಗಿನ ಮಹಡಿ ಒಂದು, ಸ್ಟೇಷನ್ ಹತ್ತಿರ ಹಂಚಿನ ಮನೆ ಒಂದು ಸಿಕ್ಕಿದೆ. ಎರಡಕ್ಕೂ ಹೊಸ ಬಣ್ಣ ಬಳಿದಿದ್ದಾರೆ. ಮನೆಯಲ್ಲಿ ಉಬ್ಬಸದ ಹಿರಿಯರಿದ್ದಾರೆ. ಏನು ನೋಡಿಕೊಳ್ಳಬೇಕು?

ಹಂಚು_ಜಂತಿ:
ಕೆರೆ ಆಮೇಲೆ ನೋಡಿ, ಮೊದಲು ಪಡುವಣ ಗೋಡೆ ನೋಡಿ. ಲೋನಾವಳಾದಲ್ಲಿ ವರ್ಷಕ್ಕೆ 4000 ಮಿ.ಮೀ.ಗೂ ಮೀರಿ ಮಳೆ. ಪುಣೆಯದು ಸುಮಾರು 700. ಇರಚಲು ಹೊಡೆಯುವುದು ಪಶ್ಚಿಮ, ನೈಋತ್ಯದಿಂದ. ಆ ಬದಿಗೆ ಎರಡು ಅಡಿಯಾದರೂ ಸೂರು ಚಾಚಿರದಿದ್ದರೆ ಎಂಥ ಬಣ್ಣವೂ ತಡೆಯುವುದಿಲ್ಲ.

ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಮೇ ತಿಂಗಳಲ್ಲೂ ಹಾಗಾದರೆ ಆ ಮನೆ ಬೇಡ. ಹನಿ ಕಾಣದಿದ್ದರೂ ಗೋಡೆ ಗಟ್ಟಿ ಎಂದುಕೊಳ್ಳಬೇಡಿ, ಬೇಸಿಗೆಗೆ ಒಣಗಿರುತ್ತದೆ. ಕಪಾಟಿನ ಹಿಂದೆ, ಸ್ವಿಚ್ ಬೋರ್ಡಿನ ಸುತ್ತ, ಕಿಟಕಿಯ ಕೆಳಮೂಲೆಯಲ್ಲಿ ಬೆರಳಾಡಿಸಿ. ಬಿಳಿ ಉಪ್ಪಿನ ಪುಡಿ ಉದುರಿದರೆ ಹಳೆಯ ಸೋರಿಕೆ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಕಲೆಯಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆ. ಅದಕ್ಕೆ ತಾರಸಿ ರಿಪೇರಿ ಉಪಯೋಗವಿಲ್ಲ.

ತಾರಸಿ ಮೇಲೆ ಒಂದು ಬಕೆಟ್ ನೀರು ಸುರಿದು ಕೊಳವೆ ಕಡೆ ಹರಿಯುತ್ತದೋ ನೋಡಿ. ಮೇಲೆ ತಗಡಿನ ಚಪ್ಪರ ಇದ್ದರೆ ಒಳ್ಳೆಯದು. ಹಂಚಿನ ಮನೆಯಾದರೆ ಒಡೆದ ಹಂಚು ಮಳೆಗೆ ಮೊದಲೇ ಬದಲಿಸಬೇಕು. ಪಾಚಿ ಹಿಡಿದ ಹಂಚನ್ನು ಜುಲೈಯಲ್ಲಿ ತುಳಿದರೆ ಇನ್ನೆರಡು ಒಡೆಯುತ್ತವೆ.

ಮಳೆ_ಮಾವಳ:
ಉಬ್ಬಸ ಇರುವಲ್ಲಿ ಬೂಷ್ಟೇ ದೊಡ್ಡ ಶತ್ರು. ಜುಲೈಯಲ್ಲಿ ಕಿಟಕಿ ತೆರೆದರೆ ಮನೆ ಒಣಗುವುದಿಲ್ಲ, ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಹಿರಿಯರ ಕೋಣೆಗೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು ಬಾಗಿಲು, ಕಿಟಕಿ ಮುಚ್ಚಿ, ತೇವಮಾಪಕ 55–60% ತೋರುವಂತೆ ನಡೆಸಿ. ಆ ಕೋಣೆಯಲ್ಲಿ ಬಟ್ಟೆ ಒಣಹಾಕಬೇಡಿ. ಕಪಾಟು ಗೋಡೆಯಿಂದ ಮೂರು ನಾಲ್ಕು ಇಂಚು ದೂರವಿರಲಿ. ಬೂಷ್ಟನ್ನು ಒಣಬ್ರಷ್‌ನಿಂದ ಉಜ್ಜಿದರೆ ಪುಡಿ ಗಾಳಿಗೇರುತ್ತದೆ. ಸೋಪುನೀರಿನ ಬಟ್ಟೆಯಿಂದ ಒರೆಸಿ, ಆಗ ಹಿರಿಯರು ಬೇರೆ ಕೋಣೆಯಲ್ಲಿರಲಿ.

ಇನ್ವರ್ಟರ್ ಬೇಕೇಬೇಕು. 150 ಆಂಪಿಯರ್-ಅವರ್ ಬ್ಯಾಟರಿಗೆ 300 ವಾಟ್ ಹಾಕಿದರೆ ಮೂರೂವರೆ ನಾಲ್ಕು ಗಂಟೆ. ಡಿಹ್ಯುಮಿಡಿಫೈಯರನ್ನು ಅದಕ್ಕೆ ಕೊಟ್ಟರೆ ಫ್ಯಾನಿಗೂ ಉಳಿಯುವುದಿಲ್ಲ.

ಲೋಕಲ್_ಪಾಸ್:
ಶಿವಾಜಿನಗರಕ್ಕೆ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಮಧ್ಯಾಹ್ನ ಗಾಡಿಗಳ ನಡುವೆ ಅಂತರ ಬಹಳ, ಕೆಲಸದ ವೇಳೆ ಅದಕ್ಕೆ ಹೊಂದುತ್ತದೋ ನೋಡಿ. ಕರ್ಜತ್ ಘಾಟಿನಲ್ಲಿ ಗುಡ್ಡ ಜರಿದರೆ ಮುಂಬೈ ಗಾಡಿಗಳು ನಿಲ್ಲುತ್ತವೆ. ಪುಣೆ ಲೋಕಲ್ ಲೋನಾವಳಾದಿಂದಲೇ ಹೊರಡುವುದರಿಂದ ಘಾಟಿಯ ತೊಂದರೆ ಅದಕ್ಕೆ ನೇರವಾಗಿ ತಟ್ಟುವುದಿಲ್ಲ. ಮಳೆಗಾಲದ ಶನಿವಾರ, ಭಾನುವಾರ ಭೂಶಿ ಡ್ಯಾಮಿನ ರಸ್ತೆ ಜಾಮ್ ಆಗುತ್ತದೆ. ತರಕಾರಿ, ಔಷಧಿ ಶುಕ್ರವಾರವೇ ತಂದಿಡಿ.

ಊರು ಇನ್ನೂ ತೀರ್ಮಾನವಾಗಿಲ್ಲದಿದ್ದರೆ ತಳೇಗಾವ್ ನೋಡಿ. ಅದೇ ಲೋಕಲ್, ಪ್ರಯಾಣ ಅರ್ಧದಷ್ಟು. ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಷ್ಟೂ ಮಳೆ ಬೇಗ ಇಳಿಯುತ್ತದೆ. ಉಬ್ಬಸದವರಿಗೆ ನನ್ನ ಆಯ್ಕೆ ಅದೇ.

ಹಂಚು_ಜಂತಿ:
ಲೋನಾವಳಾವೇ ಆಗಬೇಕಿದ್ದರೆ, ಸೋರಿಕೆ ರಿಪೇರಿ ಯಾರ ಖರ್ಚು, ಎಷ್ಟು ದಿನದೊಳಗೆ ಎಂಬುದನ್ನು 11 ತಿಂಗಳ ಕರಾರಿನಲ್ಲೇ ಬರೆಸಿ.