20×12 ರೂಮಿಗೆ ಸಾಲಿಡ್ ಬ್ಲಾಕ್ ಪಾಯ ನಾವೇ ಹಾಕೋದಾದ್ರೆ ಎಷ್ಟು ಬ್ಲಾಕ್, ಎಷ್ಟು ದಿನ?

ತಿಪಟೂರು ತೋಟ:
ಎಲ್ರಿಗೂ ನಮಸ್ಕಾರ. ತೋಟದಲ್ಲಿ ಕೊಬ್ಬರಿ, ಪೈಪು, ಮೋಟ್ರು ಸಾಮಾನು ಇಡೋಕೆ ಹೊರಗಡೆ ಅಳತೆ 20×12 ಅಡಿ ಒಂದೇ ರೂಮು, ಮೇಲೆ ಶೀಟು ಅಷ್ಟೆ. ಸೈಜುಗಲ್ಲು ಹಾಕ್ಸೋಣ ಅಂದ್ರೆ ಕಲ್ಲು ಕಟ್ಟೋರು ಎರಡು ತಿಂಗಳಿಂದ ನಾಳೆ ಬತ್ತೀನಿ ಅಂತಾನೇ ಇದಾರೆ, ಅದಕ್ಕೆ 8 ಇಂಚಿನ ಸಾಲಿಡ್ ಬ್ಲಾಕಲ್ಲಿ ನಾನೂ ನಮ್ಮ ತಮ್ಮನೂ ಸೇರ್ಕೊಂಡು ಹಾಕ್ಬಿಡೋಣ ಅಂತ. ಪಾಯ 2 ಅಡಿ ಅಗಲ, ಎರಡೂವರೆ ಅಡಿ ಆಳ, ನೆಲದ ಮೇಲೆ ಒಂದೂವರೆ. ಸುತ್ತಳತೆ 64 ಅಡಿ, ಇಂಟು ತಳದ 6 ಇಂಚು ಕಾಂಕ್ರೀಟ್ ಬಿಟ್ಟು ಬ್ಲಾಕಿನ ಎತ್ತರ ಮೂರೂವರೆ, 224 ಚದರಡಿ, ಬ್ಲಾಕ್ ಒಂದಕ್ಕೆ (ಮುಖ 16×8 ಇಂಚು) 0.89 ಚದರಡಿ ಹಿಡಿದ್ರೆ 252 ಬ್ಲಾಕ್ ಬಂತು. ಸಿಮೆಂಟ್ 10 ಮೂಟೆ ಸಾಕಾ?

ಗಾರೆ ಕೈ:
ಬ್ಲಾಕೂ ಸಾಲಲ್ಲ ಸಿಮೆಂಟೂ ಸಾಲಲ್ಲ ಸರ್. 64 ಅಂದ್ರೆ ಮೂಲೆ ಎರಡೆರಡು ಸಲ ಎಣಿಸ್ದಂಗೆ, ಗೋಡೆ ಮಧ್ಯದ ಅಳತೆ ಹಿಡೀರಿ, 61 ಅಡಿ ಚಿಲ್ರೆ ಬರುತ್ತೆ. ಅದು ಸಣ್ಣ ತಪ್ಪು ಬಿಡಿ. ದೊಡ್ಡದು ಏನಂದ್ರೆ ಕೆಳಗಿನ ಎರಡು ವರಸೆ (ಸಾಲು) ಜೋಡಿ ಬ್ಲಾಕ್ ಬರ್ಬೇಕು, 16 ಇಂಚು ದಪ್ಪ, ಅದರ ಮೇಲೆ ಮೂರು ವರಸೆ ಒಂಟಿ. ವರಸೆಗೆ 45, ಏಳು ಸಲ, 315. ಒಡೆಯೋದು ಸೇರಿ 330 ತರಿಸಿ.
ತಳದ ಬೆಡ್ ಕಾಂಕ್ರೀಟ್ 6 ಇಂಚು, 1:4:8 ಗೆ (ಸಿಮೆಂಟ್ 1, ಮರಳು 4, ಜಲ್ಲಿ 8) 6 ಮೂಟೆ, 40 ಎಂಎಂ ಜಲ್ಲಿ 60 ಘನ ಅಡಿ. ಬ್ಲಾಕ್ ಕಟ್ಟೋಕೆ 1:6 ಗಾರೆ, 4 ಮೂಟೆ. ಪಾಯದ ಮೇಲೆ ಸುತ್ತಲೂ 8×6 ಇಂಚು ಪ್ಲಿಂತ್ ಬೀಮ್ (ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ) ಹಾಕ್ದೆ ಬಿಡ್ಬೇಡಿ, ಅದಕ್ಕೆ 5 ಮೂಟೆ, 10 ಎಂಎಂ ನಾಲ್ಕು ಕಂಬಿ, 8 ಎಂಎಂ ರಿಂಗು, ಒಟ್ಟು 75 ಕೆಜಿ ಕಬ್ಬಿಣ. ಒಟ್ಟು 15 ಮೂಟೆ ಆಯ್ತು, 16 ತರಿಸಿ. ಎಂ ಸ್ಯಾಂಡ್ ಒಂದು ಟ್ರ್ಯಾಕ್ಟರ್ ಲೋಡು ಸಾಕು.
ಒಂದು ಬ್ಲಾಕು 35 ಕೆಜಿ ಹತ್ರ ಇರುತ್ತೆ, 330 ಅಂದ್ರೆ 11 ಟನ್ ಮೇಲೆ, ಅದನ್ನ ಅಣ್ಣ ತಮ್ಮ ಇಬ್ರೇ ಎತ್ತಿಡ್ತೀರಾ? ಕೈ ಪಳಗಿದ ಮೇಸ್ತ್ರಿ ಒಬ್ಬ ಹೆಲ್ಪರ್ ಇಟ್ಕೊಂಡು ದಿನಕ್ಕೆ 80 ರಿಂದ 100 ಕಟ್ತಾನೆ, ನಿಮಗೆ ಅದರರ್ಧ ಆದ್ರೆ ದೊಡ್ಡದು. ಪಾಯ ತೆಗಿಯೋಕೆ 3 ದಿನ, ಬ್ಲಾಕಿಗೆ 8 ದಿನ, ಬೆಡ್ಡು ಬೀಮು ಸೇರಿ ಎರಡು ವಾರ ಹಿಡೀರಿ. ನೀರು ಹಾಕೋ ಕ್ಯೂರಿಂಗ್ ದಿನ ಬೇರೆ.

ಗದಗ ಹೊಲ:
ಮಣ್ಣ ಎಂಥಾದೈತಿ ಅಂತ ಯಾರೂ ಕೇಳ್ಲೇ ಇಲ್ಲಲ್ರಿ. ಗರಸ ಇದ್ರ ಈ ಲೆಕ್ಕ ನಡೀತೈತಿ. ನಮ್ಮ ಎರಿ (ಕಪ್ಪು ಮಣ್ಣಿನ) ಹೊಲ ಮಳಿಗೆ ಉಬ್ಬತೈತಿ ಬ್ಯಾಸಗ್ಯಾಗ ಬಿರಿತೈತಿ, ನಾ ಎರಡ ಅಡಿ ತೋಡಿ ಕುರಿ ದೊಡ್ಡಿ ಕಟ್ಟಿದ್ದೆ, ಎರಡನೇ ಬ್ಯಾಸಗಿಗೆ ಮೂಲ್ಯಾಗ ಬೆರಳ ಹೋಗುವಷ್ಟ ಬಿರುಕು. ಗರಸ ಸಿಗೂತನಾ ತೋಡ್ರಿ, ಆಮ್ಯಾಲ ಲೆಕ್ಕ ಹಾಕ್ರಿ.

ತಿಪಟೂರು ತೋಟ:
ನಮ್ದು ಕೆಂಪು ಮಣ್ಣು ಸರ್, ಎರಡಡಿಗೆ ಗಟ್ಟಿ ಗರಸು ಸಿಗುತ್ತೆ. ಜೆಸಿಬಿ ಒಂದು ಗಂಟೆ ಕರೆಸಿದ್ರೆ ಪಾಯ ತೆಗಿಯೋ 3 ದಿನ ಉಳಿಯಲ್ವಾ?

ಗಾರೆ ಕೈ:
ದೊಡ್ಡ ಬಕೆಟ್ ಬಂದ್ರೆ ಪಾಯ ಮೂರಡಿ ಅಗಲ ಆಗುತ್ತೆ, ಬೆಡ್ಡಿಗೆ 6 ಮೂಟೆ ಇದ್ದಿದ್ದು 9 ಆಗುತ್ತೆ, ಜಲ್ಲಿನೂ ಅದೇ ಲೆಕ್ಕ. ಸಣ್ಣ ಬಕೆಟ್ ಇದ್ರೆ ಮಾತ್ರ ಕರೀರಿ, ತಳ ನೀವೇ ಸವರಿ. ತೆಗೆದ ಮಣ್ಣು ಒಳಗೆ ತುಂಬೋಕೆ ಪೂರ್ತಿ ಸಾಲಲ್ಲ, ದಮ್ಮಸ್ಸು ಮಾಡಿದ್ಮೇಲೆ ಇನ್ನೊಂದು ಟ್ರ್ಯಾಕ್ಟರ್ ಗರಸು ಬೇಕಾಗುತ್ತೆ. ದಾರ ಕಟ್ಟಿದ್ಮೇಲೆ ಕರ್ಣ ಎರಡೂ ಅಳೀರಿ, 23 ಅಡಿ 4 ಇಂಚು ಬರ್ಬೇಕು, ಬರ್ಲಿಲ್ಲ ಅಂದ್ರೆ ಗುದ್ದಲಿ ಹಾಕ್ಬೇಡಿ.

ತಿಪಟೂರು ತೋಟ:
ಸರಿ ಸರ್, ಮೂಲೆ ಎತ್ತೋಕೆ ಎರಡು ದಿನ ಮೇಸ್ತ್ರಿ ಕರೆದು ಮಧ್ಯದ್ದು ನಾವು ಕಟ್ತೀವಿ. ಬ್ಲಾಕ್ ಲಾರಿ ತೋಟದೊಳಗೆ ಬರಲ್ಲ, ಗೇಟಿಂದ 60 ಮೀಟ್ರು.

ಗಾರೆ ಕೈ:
ಅಯ್ಯೋ ಅದನ್ನ ಮೊದಲೇ ಹೇಳ್ಬಾರ್ದಾ! ಸಾಗಿಸೋಕೇ ಇಬ್ಬರು ಆಳು ಒಂದು ದಿನ ಸೇರಿಸ್ಕೊಳ್ಳಿ, ಇಲ್ಲಾಂದ್ರೆ ಯಾರದಾದ್ರೂ ಟ್ರೇಲರ್ ಕೇಳಿ.